ಪಾರ್ಕಿಂಗ್ ಫ್ರೀ

ಗ್ರೇಡಿ ನೀಮಾಯರ್ ಆ ಶುಕ್ರವಾರ ಬೆಳಿಗ್ಗೆ ಎದ್ದವನು ತನ್ನ ಪಾಡಿಗೆ ಹಲ್ಲುಜ್ಜಿಕೊಂಡು ಹೊರಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಹಾಗೆ ಹೊರಡುವ ಜಾತಿ ಅವನದಲ್ಲ. ತಿಂಗಳುಗಟ್ಟಲೆ ಕೂತು ಮಾಡಿದ್ದ ಪೋಸ್ಟರನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಎದುರು ಮಂಚದಲ್ಲಿ ಮುಸುಕು ಹಾಕಿ ಮಲಗಿದ್ದ ಸೈಲಸ್‌ನನ್ನು ಕಾಲಲ್ಲಿ ತಿವಿದು ಎಬ್ಬಿಸಿ, "ಲೋ, ಹೇಗಿದೆ ಹೇಳೋ," ಎಂದ.

ಕೇಳುವ ಅಗತ್ಯವೇ ಇರಲಿಲ್ಲ. ಪೋಸ್ಟರ್ ಚೆನ್ನಾಗಿದೆ ಅಂತ ಅವನಿಗೇ ಗೊತ್ತಿತ್ತು. ಬಿಳಿ ಹಾಳೆ. ನಡುವಿನಿಂದ ಒಂಚೂರು ಪಕ್ಕಕ್ಕೆ ಸರಿದ ದೊಡ್ಡ ಹಳದಿ ವೃತ್ತ. ಕೆಳಗೆ ಸಣ್ಣ ಕಪ್ಪಕ್ಷರದಲ್ಲಿ 'ಬೆಟ್ಟದ ಹಾಡುಗಳು', ಅದರಡಿ ಕಾಲೇಜಿನ ಗಾಯನ ತಂಡದ ಹೆಸರು, ದಿನ, ಜಾಗ. ಮುಗಿಯಿತು. ಕಂಪ್ಯೂಟರಿನ ಸಹವಾಸವೇ ಇಲ್ಲದೆ, ರೇಷ್ಮೆ ಬಟ್ಟೆಯ ಚೌಕಟ್ಟಿನಲ್ಲಿ ಬಣ್ಣ ಎಳೆದು ಕೈಯಾರೆ ಅಚ್ಚೊತ್ತಿದ್ದ. ಹತ್ತಾರು ಹಾಳೆ ಹಾಳಾಗಿ ಸರಿಯಾಗಿ ಬಂದದ್ದು ಇದೊಂದೇ. ಅವನಿಗೆ ಬೇಕಾಗಿದ್ದದ್ದು ಅಭಿಪ್ರಾಯವಲ್ಲ, ಹೊಗಳಿಕೆ.

ಸೈಲಸ್ ಒಂದು ಕಣ್ಣು ಬಿಟ್ಟ. ಅವನು ತತ್ವಶಾಸ್ತ್ರದ ವಿದ್ಯಾರ್ಥಿ. ಎರಡೂ ಕಣ್ಣು ಬಿಡುವಷ್ಟು ಅವಸರ ಅವನಿಗೆ ಯಾವುದಕ್ಕೂ ಇರಲಿಲ್ಲ.

"ಮೊಟ್ಟೆ," ಎಂದ.

"ಏನು?"

"ತವಾ ಮೇಲೆ ಒಡೆದು ಹಾಕಿದ ಮೊಟ್ಟೆ ಥರ ಇದೆ ಕಣೋ." ಮತ್ತೆ ಮುಸುಕೆಳೆದುಕೊಂಡ.

ಬೇರೆ ದಿನವಾಗಿದ್ದರೆ ಗ್ರೇಡಿ ಅವನ ಮೇಲೊಂದು ದಿಂಬು ಎಸೆದು ಸುಮ್ಮನಾಗುತ್ತಿದ್ದ. ಆದರೆ ಅವತ್ತು ಮಧ್ಯಾಹ್ನ ಗೋಡೆ ಪರೀಕ್ಷೆ. ಚಿತ್ರಕಲೆ ಮತ್ತು ಗ್ರಾಫಿಕ್ ಡಿಸೈನ್ ಓದುತ್ತೇನೆಂದು ಹೊರಟ ಹುಡುಗರು ಎರಡನೇ ವರ್ಷದ ಕೊನೆಗೆ ತಮ್ಮ ಒಂದು ಕೆಲಸವನ್ನು ಗೋಡೆಗೆ ಹಚ್ಚಬೇಕು. ದಾಟಿದರೆ ಮುಂದಿನ ಎರಡು ವರ್ಷ ಅದೇ ಓದು. ದಾಟದಿದ್ದರೆ ಬೇರೆ ವಿಷಯ ನೋಡಿಕೊಳ್ಳಬೇಕು. ಗ್ರೇಡಿಯ ಪಾಲಿಗೆ ಆ ಬೇರೆ ವಿಷಯ ಯಾವುದು ಅಂತ ಆಗಲೇ ತೀರ್ಮಾನವಾಗಿತ್ತು: ಊರಲ್ಲಿ ಅಪ್ಪನ ಜಮಖಾನೆ ಅಂಗಡಿ. "ಎರಡು ವರ್ಷ ನಿನ್ನಿಷ್ಟ, ಆಮೇಲೆ ನನ್ನಿಷ್ಟ," ಎಂದಿದ್ದ ಅಪ್ಪ ಡ್ವೇನ್, ಫಲಿತಾಂಶ ಕೇಳಲು ಅವತ್ತು ಸಂಜೆ ತಾನೇ ಗಾಡಿ ಓಡಿಸಿಕೊಂಡು ಬರುವವನಿದ್ದ. ಬರುವಾಗ ಗಾಡಿಯ ಹಿಂದಿನ ತೊಟ್ಟಿ ಖಾಲಿ ಮಾಡಿಕೊಂಡು, ಹಗ್ಗ, ತಾಡಪಾಲು ಎಲ್ಲ ಹಾಕಿಕೊಂಡು ಬರುತ್ತೇನೆ, ನಿನ್ನ ಸಾಮಾನು ಹೇರುವುದಿದ್ದರೆ ಯಾತಕ್ಕೂ ಇರಲಿ, ಅಂತ ಬೇರೆ ಹೇಳಿದ್ದ.

"ಮೊಟ್ಟೆಯಂತೆ ಮೊಟ್ಟೆ!" ಎಂದು ಗ್ರೇಡಿ ಗೊಣಗಿದ. ಮತ್ತೊಮ್ಮೆ ಪೋಸ್ಟರ್ ನೋಡಿದ. ಅಯ್ಯೋ, ಮೊಟ್ಟೆಯೇ! ಬಿಳಿ, ನಡುವೆ ಹಳದಿ, ಅದೂ ಒಂಚೂರು ಪಕ್ಕಕ್ಕೆ ಸರಿದದ್ದು. ಮೆಣಸಿನ ಪುಡಿ ಉದುರಿಸುವುದೊಂದು ಬಾಕಿ. ಒಮ್ಮೆ ಕಂಡ ಮೇಲೆ ಎಷ್ಟು ಕಣ್ಣುಜ್ಜಿಕೊಂಡರೂ ಅದು ವೃತ್ತವಾಗಲೊಲ್ಲದು. ಗ್ರೇಡಿ ಹಾಳೆಯನ್ನು ಸುತ್ತಿ ಓಣಿಯ ಕಸದ ಡಬ್ಬಕ್ಕೆ ತುರುಕಿ, "ಇನ್ನೂ ಅರ್ಧ ದಿನ ಇದೆ, ಇದಕ್ಕಿಂತ ಚೆನ್ನಾಗಿರೋದು ಮಾಡ್ತೀನಿ," ಎಂದು ಲ್ಯಾಪ್‌ಟಾಪ್ ಬಗಲಿಗಿಟ್ಟುಕೊಂಡು ಹೊರಟ. ಧೈರ್ಯ ಅನ್ನುವುದು ಅವನಿಗೆ ಯಾವತ್ತೂ ಕಡಿಮೆ ಬಿದ್ದದ್ದಿಲ್ಲ, ಬಿದ್ದಿದ್ದರೆ ಚೆನ್ನಾಗಿತ್ತು.

ಪ್ಲಮ್ ರಿವರ್ ಕಾಲೇಜು ಮೆಕ್ಕೆಜೋಳದ ಹೊಲಗಳ ನಡುವಿನ ಪುಟ್ಟ ಕಾಲೇಜು. ಇಲ್ಲಿ ಚಿತ್ರ ಬರೆಯುವವನು ಕಲ್ಲಿನ ಬಗ್ಗೆ ಓದಬೇಕು, ಕಲ್ಲು ಓದುವವನು ಕವಿತೆ ಓದಬೇಕು, ತತ್ವಶಾಸ್ತ್ರದವನು ಒಂದಾದರೂ ಚಿತ್ರಕಲೆಯ ತರಗತಿಯಲ್ಲಿ ಕೂರಬೇಕು. ಇದರಿಂದಾಗಿ ಎಲ್ಲರಿಗೂ ಎಲ್ಲದರ ಬಗ್ಗೆ ಸ್ವಲ್ಪ ಸ್ವಲ್ಪ ಗೊತ್ತು, ಅಭಿಪ್ರಾಯ ಮಾತ್ರ ಪೂರ್ತಿ. ಸೈಲಸ್ ಕೂಡ ಹಾಗೇ ಗ್ರೇಡಿಯ ಡಿಸೈನ್ ತರಗತಿಗೆ ಬಂದು ಬಿದ್ದವನು. ಗೋಡೆ ಪರೀಕ್ಷೆಯಲ್ಲಿ ಅವನಂಥವರಿಗೆ ಏನನ್ನೂ ಬರೆಯುವ ಕಷ್ಟವಿಲ್ಲ. ಎಲ್ಲಿಂದಲೋ ಒಂದು ಹಾಳೆಯನ್ನೋ ಚೀಟಿಯನ್ನೋ ಹುಡುಕಿ ತಂದು ಗೋಡೆಗೆ ಹಚ್ಚಿ, ಇದನ್ನೇ ಯಾಕೆ ಆರಿಸಿದೆ ಅಂತ ನಾಲ್ಕು ಮಾತು ಹೇಳಿದರಾಯಿತು. ಹೋದ ಸಲ ಸೈಲಸ್ ಹುರುಳಿಕಾಯಿ ಡಬ್ಬದ ಚೀಟಿ ಹಚ್ಚಿದ್ದ. ಅಂಥವರನ್ನು ಗ್ರೇಡಿ 'ಹೆಕ್ಕೋ ಜನ' ಎಂದು ಕರೆಯುತ್ತಿದ್ದ.

ಊಟದ ಮನೆಯಲ್ಲಿ ಕಾಫಿ ಮುಂದಿಟ್ಟುಕೊಂಡು ಗ್ರೇಡಿ ಹೊಸ ಪೋಸ್ಟರ್ ಶುರು ಮಾಡಿದ. ಮೂರು ಬೆಟ್ಟ, ಮೇಲೆ ಬರಿಯ ಆಕಾಶ. ಅಷ್ಟರಲ್ಲಿ ಬಡಿಸುವ ಡಾರ್ಲೀನಕ್ಕ ಸೌಟು ಹಿಡಿದೇ ಬಂದು ಹಿಂದೆ ನಿಂತಳು. ಅವಳೂ ಗಾಯನ ತಂಡದಲ್ಲಿ ಹಾಡುವವಳು, ಹಾಗಾಗಿ ಪೋಸ್ಟರ್ ತನ್ನ ಮನೆಯ ಮದುವೆ ಕಾಗದ ಇದ್ದಂತೆ ಅವಳಿಗೆ.

"ಏನ್ ರಾಜಾ ಇದು? ಹಾಡೋರೆಲ್ಲಿ?"

"ಬೆಟ್ಟದ ಹಾಡು ಅಲ್ವಾ ಅಕ್ಕ, ಬೆಟ್ಟ ಇದೆ."

"ಬೆಟ್ಟ ಹಾಡತ್ತಾ? ನಾವು ಗಂಟಲು ಹರ್ಕೊಂಡು ಹಾಡೋದು, ಹೆಸರು ಬೆಟ್ಟಕ್ಕಾ? ಬಾಯಿ ಹಾಕು. ಚೆನ್ನಾಗಿ ತೆರೆದಿರೋ ಬಾಯಿ. ಸಾಲಾಗಿ."

"ಅಕ್ಕ, ಡಿಸೈನ್ ಅಂದ್ರೆ…"

"ಮೊಟ್ಟೆ ಹಾಕ್ಲಾ ಒಂದು?"

ಮೊಟ್ಟೆ ಅನ್ನುವ ಮಾತು ಕಿವಿಗೆ ಬಿದ್ದಿದ್ದೇ ತಡ ಗ್ರೇಡಿಯ ಮನಸ್ಸು ಮೆತ್ತಗಾಯಿತು. ಹಾಡುವವಳೇ ಹೇಳುತ್ತಿದ್ದಾಳಲ್ಲ, ಇರಲಿ ಎಂದು ಬಾಯಿಗಳನ್ನು ಹಾಕಿದ. ಆಕಾಶದ ತುಂಬ, ಹಲ್ಲು ನಾಲಿಗೆ ಸಮೇತ. "ಮಧ್ಯಾಹ್ನ ಬನ್ನಿ ಅಕ್ಕ, ನಿಮ್ಮ ಬಾಯಿ ಗೋಡೆ ಮೇಲಿರತ್ತೆ," ಎಂದು ಕರೆದೂ ಬಿಟ್ಟ. ಗೋಡೆ ಪರೀಕ್ಷೆಗೆ ಯಾರು ಬೇಕಾದರೂ ಬಂದು ಹಿಂದೆ ನಿಂತು ನೋಡಬಹುದು. ಅದು ಅಲ್ಲಿಯ ರೂಢಿ.

ಹುಲ್ಲುಹಾಸಿನ ಬೆಂಚಿನ ಮೇಲೆ ಸಿಕ್ಕವರು ಕಲ್ಲಿನ ಮೇಷ್ಟ್ರು ಪೆಟ್ರಿ. ಕತ್ತು ಚಾಚಿ ಪರದೆ ನೋಡಿದವರು ಗಾಬರಿಯಿಂದ ಕನ್ನಡಕ ತೆಗೆದರು.

"ನೀಮಾಯರ್, ಇದೇನಯ್ಯಾ ಬೆಟ್ಟ? ಒಳಗೇನೂ ಇಲ್ವಲ್ಲ!"

"ಒಳಗೆ ಯಾಕೆ ಸರ್ ಬೇಕು?"

"ಯಾಕೆ ಬೇಕು? ಪದರ ಇಲ್ಲದ ಬೆಟ್ಟ ಬೆಟ್ಟವೇನಯ್ಯಾ? ಅದು ಗುಡ್ಡೆ ಹಾಕಿದ ಗೊಬ್ಬರ. ನನ್ನ ಕ್ಲಾಸಲ್ಲಿ ಒಂದು ವರ್ಷ ಕೂತಿದೀಯ, ನನ್ನ ಮಾನ ಕಳೀಬೇಡ. ಸುಣ್ಣದ ಕಲ್ಲಿನ ಪದರ ಹಾಕು. ಓರೆಯಾಗಿ. ಎಡಕ್ಕೆ."

ಮೇಷ್ಟ್ರ ಮಾನ ಕಳೆಯುವುದು ಹೇಗೆ? ಪದರಗಳೂ ಬಂದವು. ಎಡಕ್ಕೇ ಓರೆಯಾದವು. ಪೆಟ್ರಿ ಮೇಷ್ಟ್ರಿಗೂ ಮಧ್ಯಾಹ್ನ ಬನ್ನಿ ಅಂತ ಹೇಳಿದ್ದಾಯಿತು.

ಗಾಯನ ತಂಡದ ಗುರು ಸ್ಟ್ರಾಟನ್ ಅವರನ್ನು ಗ್ರೇಡಿಯೇ ಹುಡುಕಿಕೊಂಡು ಹೋದ, ಯಾಕೆಂದರೆ ಪೋಸ್ಟರ್ ಬೇಕಾಗಿದ್ದದ್ದು ಅವರಿಗೆ. ಸ್ಟ್ರಾಟನ್ ತೆಳ್ಳಗಿನ ಮನುಷ್ಯ, ಯಾರ ಮನಸ್ಸಿಗೂ ನೋವಾಗದ ಹಾಗೆ ನಡೆಯುವುದರಲ್ಲೇ ಅರ್ಧ ಆಯಸ್ಸು ಕಳೆದವರು. ಪೋಸ್ಟರ್ ನೋಡಿ ಹುಬ್ಬು ಗಂಟಿಕ್ಕಿದರು.

"ತುಂಬಾ ಚೆನ್ನಾಗಿದೆ. ಆದ್ರೆ ಬಾಯಿ ಇದೆ, ಹೆಸರಿಲ್ಲ. ಯಾವ ಬಾಯಿ ಯಾರದು ಅಂತ ಕೇಳಿದ್ರೆ?"

"ಯಾರದೂ ಅಲ್ಲ ಸರ್, ಸುಮ್ನೆ ಬಾಯಿ."

"ಹಾಗಂದ್ರೆ ಆಗತ್ತೇನಪ್ಪಾ? ಹೋದ ವರ್ಷ ಒಬ್ಬಳ ಹೆಸರು ಬಿಟ್ಟು ಹೋಗಿ ಅವಳ ತಾಯಿ ನನ್ನ ಹತ್ರ ಇವತ್ತಿಗೂ ಮಾತಾಡಲ್ಲ. ಎಲ್ಲರ ಹೆಸರೂ ಹಾಕಿಬಿಡು. ಯಾರದೂ ದೊಡ್ಡದಾಗೋದು ಬೇಡ, ಯಾರದೂ ಮೊದಲು ಬರೋದು ಬೇಡ."

ಯಾರೂ ಮೊದಲು ಬರಬಾರದು ಎಂದರೆ ಹೆಸರುಗಳನ್ನು ಸುತ್ತ ಅಂಚಿನಲ್ಲಿ ಓಡಿಸುವುದೊಂದೇ ದಾರಿ. ಗ್ರೇಡಿ ಓಡಿಸಿದ, ಅವರನ್ನೂ ಮಧ್ಯಾಹ್ನಕ್ಕೆ ಬನ್ನಿ ಅಂತ ಕರೆದ. ಅಕ್ಷರಗಳು ಇರುವೆ ಸಾಲಿನ ಹಾಗೆ ಹಾಳೆಯನ್ನು ಸುತ್ತುವರಿದವು. ಇಷ್ಟಾದರೂ ಅವನ ಧೈರ್ಯ ಕುಂದಲಿಲ್ಲ. ಎಲ್ಲರ ಮಾತು ಕೇಳಿ ಎಲ್ಲವನ್ನೂ ಹಿಡಿಸುವುದೇ ನಿಜವಾದ ಡಿಸೈನ್, ಬರಿಯ ವೃತ್ತ ಯಾರು ಬೇಕಾದರೂ ಹಾಕುತ್ತಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಅಷ್ಟರಲ್ಲಿ ಫೋನ್. ಅಪ್ಪ. ದಾರಿಯಲ್ಲಿ ಎಲ್ಲೋ ಪೆಟ್ರೋಲ್ ಹಾಕಿಸಿಕೊಳ್ಳುತ್ತಿದ್ದ.

"ಎಲ್ಲಿಗೆ ಬಂತು ನಿನ್ನ ಪೇಪರ್ ಕೆಲಸ? ಕಳ್ಸು ನೋಡೋಣ."

ಕಳಿಸಬಾರದಿತ್ತು. ಕಳಿಸಿದ. ಆಮೇಲೆ ಅಪ್ಪನ ದನಿ ಯಾವತ್ತೂ ಇಲ್ಲದಷ್ಟು ಮೃದುವಾಗಿ ಕೇಳಿಸಿತು.

"ಪರವಾಗಿಲ್ವೋ. ನಾನೇನೋ ಅಂದ್ಕೊಂಡಿದ್ದೆ. ಆದ್ರೆ ಒಂದು ಮಾತು ಕೇಳ್ತೀಯಾ? ಜನ ಬರೋದು ಹಾಡಿಗಲ್ಲ. ಗಾಡಿ ನಿಲ್ಸೋಕೆ ಜಾಗ ಇದ್ರೆ ಬರ್ತಾರೆ. ಮೂವತ್ತು ವರ್ಷ ಅಂಗಡಿ ನಡೆಸಿದೀನಿ. ಕೆಳಗೆ 'ಪಾರ್ಕಿಂಗ್ ಫ್ರೀ' ಅಂತ ಹಾಕು. ಕೆಂಪಕ್ಷರ. ದಪ್ಪಗೆ."

"ಅಪ್ಪ, ಅಲ್ಲಿ ಫ್ರೀನಾ ಅಂತ ನಂಗೆ…"

"ಹಾಡು ಕೇಳೋಕೆ ಬಂದೋರ ಹತ್ರ ಯಾರಾದ್ರೂ ದುಡ್ಡು ಕೇಳ್ತಾರೇನೋ? ಹಾಕು."

ಎರಡು ವರ್ಷದಲ್ಲಿ ಅಪ್ಪ ಇವನ ಕೆಲಸದ ಬಗ್ಗೆ ಪರವಾಗಿಲ್ಲ ಅಂದದ್ದು ಇದೇ ಮೊದಲು. ಪಾರ್ಕಿಂಗ್ ಫ್ರೀ ಅಂತ ಹಾಕಿಯೇ ಬಿಟ್ಟ. ಕೆಂಪಗೆ, ದಪ್ಪಗೆ, ಇನ್ನುಳಿದ ಎಲ್ಲ ಅಕ್ಷರಕ್ಕಿಂತ ದೊಡ್ಡದಾಗಿ.

ಗ್ರಂಥಾಲಯದ ನೆಲಮಾಳಿಗೆಯ ಮುದ್ರಣ ಯಂತ್ರದಲ್ಲಿ ಅವತ್ತು ಹಳದಿ ಶಾಯಿ ಮುಗಿದಿತ್ತು. ಹಳದಿ ಇಲ್ಲದಿದ್ದರೆ ಕೆಂಪು ಕೆಂಪಾಗುವುದಿಲ್ಲ, ಹಸಿರು ಹಸಿರಾಗುವುದಿಲ್ಲ. ಯಂತ್ರ ಗುರುಗುಟ್ಟಿ ಹಾಳೆಯನ್ನು ಹೊರಗೆ ತಳ್ಳಿದಾಗ ಹಸಿರು ಬೆಟ್ಟಗಳು ನೀಲಿಗಟ್ಟಿದ್ದವು. ಬಾಯಿಗಳೆಲ್ಲ ನೇರಳೆಯಾಗಿ, ನೀರಲ್ಲಿ ಮುಳುಗುವವರು ಕೂಗಿಕೊಳ್ಳುತ್ತಿರುವ ಹಾಗೆ ಕಾಣುತ್ತಿದ್ದವು. ಕೆಳಗೆ ಕಣ್ಣಿಗೆ ರಾಚುವ ಗುಲಾಬಿಯಲ್ಲಿ ಪಾರ್ಕಿಂಗ್ ಫ್ರೀ.

ಆಗ ಗ್ರೇಡಿಗೆ ಬೆಳಿಗ್ಗೆಯಿಂದ ತಾನು ಮಾಡಿದ್ದೇನು ಅಂತ ಒಮ್ಮೆಲೇ ಕಣ್ಣಿಗೆ ಹೊಡೆಯಿತು. ಹಾಳೆ ಬಿಟ್ಟು ಹಾಸ್ಟೆಲಿಗೆ ಓಡಿದ. ಮೆಟ್ಟಿಲು ಹತ್ತಿ ಓಣಿಯ ಕಸದ ಡಬ್ಬಕ್ಕೆ ತಲೆಯನ್ನೇ ಹಾಕಿ ನೋಡಿದ. ಡಬ್ಬ ಖಾಲಿ! ಗುಡಿಸುವವರು ಬಂದು ಹೋಗಿದ್ದಾರೆ, ಮುಗೀತು ಎಂದುಕೊಂಡ. ಮೊಟ್ಟೆಯೋ ಗಿಟ್ಟೆಯೋ, ಅದು ನನ್ನದಾಗಿತ್ತಲ್ಲಪ್ಪಾ ಎಂದು ಅಲ್ಲೇ ಕುಕ್ಕರಿಸಿ ಕೂತು ನಿಜಕ್ಕೂ ಕಣ್ಣೀರು ಹಾಕಿದ.

ಆದರೆ ಪರೀಕ್ಷೆ ಕಾಯುವುದಿಲ್ಲ. ಗ್ರಂಥಾಲಯಕ್ಕೆ ತಿರುಗಿ ಹೋಗಿ ನೀಲಿ ಬೆಟ್ಟದ ಹಾಳೆಯನ್ನೇ ಎತ್ತಿಕೊಂಡು ಬಂದು, ಯಾರೂ ಇಲ್ಲದ ಹೊತ್ತು ನೋಡಿ ಗೋಡೆಯ ಮೂಲೆಯಲ್ಲಿ ಪಿನ್ನು ಚುಚ್ಚಿ, ಮುಖ ತೊಳೆಯಲು ಹೋದ.

ತಿರುಗಿ ಬಂದು ನೋಡುತ್ತಾನೆ, ಎದುರು ಗೋಡೆಯ ನಟ್ಟನಡುವೆ ಅವನ ಹಳದಿ ವೃತ್ತ! ಸುತ್ತಿದ ಸುಕ್ಕು ಕೂಡ ಹೋಗಿ, ಕಿಟಕಿಯ ಬೆಳಕಿನಲ್ಲಿ ಬೆಳಗುತ್ತಾ ನಿಂತಿದೆ. ಗ್ರೇಡಿ ಕಣ್ಣುಜ್ಜಿಕೊಂಡ. ಅದೇ. ಅನುಮಾನವೇ ಇಲ್ಲ. ಗುಡಿಸುವವರಲ್ಲಿ ಯಾರೋ ಪುಣ್ಯಾತ್ಮರು, ಇದು ಎಸೆಯುವ ವಸ್ತುವಲ್ಲ ಅಂತ ತಂದು ಹಚ್ಚಿದ್ದಾರೆ ಎಂದುಕೊಂಡ. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆ ಮೂಲೆಯ ದರಿದ್ರವನ್ನು ಕಿತ್ತುಬಿಡೋಣ ಎಂದು ಹೊರಟರೆ ಅಷ್ಟರಲ್ಲಿ ಪರೀಕ್ಷೆ ನಡೆಸುವ ಲಿಂಡ್‌ಕ್ವಿಸ್ಟ್ ಮೇಡಂ ಒಳಗೆ ಬಂದು ಬಾಗಿಲಿಗೆ ಅಡ್ಡ ನಿಂತಾಗಿತ್ತು.

"ಗೋಡೆಗೆ ಕೈ ಹಚ್ಚೋ ಹಾಗಿಲ್ಲ. ಎಲ್ಲರೂ ಕೂತ್ಕೊಳ್ಳಿ."

ಮೇಡಂ ಗಿಡ್ಡ ಹೆಂಗಸು, ಮೈಮೇಲೆ ಯಾವಾಗಲೂ ಶಾಯಿ ಕಲೆಯ ಏಪ್ರನ್. ಅವರ ಗೋಡೆ ಪರೀಕ್ಷೆಯ ಪದ್ಧತಿ ಕಾಲೇಜಿಗೆಲ್ಲ ಗೊತ್ತಿದ್ದದ್ದೇ. ಯಾವ ಹಾಳೆಯ ಮೇಲೂ ಮಾಡಿದವರ ಹೆಸರಿರಬಾರದು. ಇದು ನನ್ನದು ಅಂತ ಯಾರೂ ಬಾಯಿ ಬಿಡಬಾರದು. ಎಲ್ಲರೂ ಎಲ್ಲದರ ಬಗ್ಗೆ ಮನಸ್ಸಿಗೆ ಬಂದದ್ದನ್ನು ಹೇಳಬೇಕು. ಎಲ್ಲ ಮುಗಿದ ಮೇಲೆ ಮೇಡಂ ಕೈ ತಟ್ಟುತ್ತಾರೆ; ಆಗ ಪ್ರತಿಯೊಬ್ಬರೂ ಎದ್ದು ಹೋಗಿ ತಂತಮ್ಮ ಕೆಲಸದ ಕೆಳಗೆ ನಿಲ್ಲಬೇಕು. ಅಲ್ಲಿಗೆ ತೀರ್ಪು.

ಗ್ರೇಡಿ ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ. ಲೆಕ್ಕ ಸರಳ: ಕೈ ತಟ್ಟಿದಾಗ ವೃತ್ತದ ಕೆಳಗೆ ಹೋಗಿ ನಿಲ್ಲುವುದು. ಮೂಲೆಯಲ್ಲಿರುವುದು ಯಾರದೋ ಅನಾಥ ಹಾಳೆ. ಸುಳ್ಳೇನಿಲ್ಲವಲ್ಲ, ವೃತ್ತ ತನ್ನದೇ ತಾನೇ? ಸೈಲಸ್ ಎಲ್ಲಿ ಅಂತ ನೋಡಿದರೆ ಅವನು ಕಿಟಕಿ ಕಟ್ಟೆಯ ಮೇಲೆ ಟೋಪಿಯನ್ನು ಮುಖಕ್ಕೆಳೆದುಕೊಂಡು ನಿದ್ದೆ ಹೊಡೆಯುತ್ತಿದ್ದ.

ಒಂದೊಂದೇ ಹಾಳೆಯ ವಿಚಾರಣೆ ನಡೆದು ಹಳದಿ ವೃತ್ತದ ಸರದಿ ಬಂತು. ಹುಡುಗರೆಲ್ಲ ಮುಂದಕ್ಕೆ ಬಾಗಿದರು.

"ಬೆಟ್ಟದ ಹಿಂದಿನ ಬೆಳಗು," ಎಂದಳೊಬ್ಬಳು.

"ಅಲ್ಲ, ಹಾಡೋಕೆ ತೆರೆದ ಬಾಯಿ," ಎಂದನೊಬ್ಬ. "ಒಂದೇ ಬಾಯಿ. ಸಾಕು."

"ಪಕ್ಕಕ್ಕೆ ಸರಿದಿದೆಯಲ್ಲ, ಅದಕ್ಕೇ ಉಸಿರಾಡ್ತಾ ಇದೆ ಅನ್ಸತ್ತೆ."

ಮೇಡಂ ಕಣ್ಣು ಹೊಳೆಯುತ್ತಿತ್ತು. ಗ್ರೇಡಿಗೆ ಕುರ್ಚಿಯಿಂದ ಒಂದು ಗೇಣು ಮೇಲೆ ತೇಲುತ್ತಿರುವ ಹಾಗೆ ಅನ್ನಿಸಿತು. ಮುಂದಿನ ಎರಡು ವರ್ಷ ಗ್ಯಾರಂಟಿ. ಅಪ್ಪ ಖಾಲಿ ಗಾಡಿಯಲ್ಲೇ ಹಗ್ಗ ಸುತ್ತಿಕೊಂಡು ಹೋಗಲಿ!

ಕೊನೆಯದು ಮೂಲೆಯ ಹಾಳೆ. ಒಬ್ಬ ಸಣ್ಣ ದನಿಯಲ್ಲಿ, "ಇದು ಹಲ್ಲಿನ ಡಾಕ್ಟರದ್ದಾ?" ಎಂದು ಕೇಳಿದ. ಎಲ್ಲರೂ ಅತ್ತಿತ್ತ ನೋಡಿದರು. ತನ್ನ ಮೇಲೆ ಯಾರಿಗೂ ಅನುಮಾನ ಬರಬಾರದೆಂದರೆ ಎಲ್ಲರಿಗಿಂತ ಮೊದಲು ತಾನೇ ಬಯ್ಯಬೇಕು ಎಂದು ಗ್ರೇಡಿಗೆ ಹೊಳೆಯಿತು. ಎದ್ದು ನಿಂತ. ಹಿಂದೆ ಬಾಗಿಲು ಕಿರ್ರೆಂದದ್ದು, ಯಾರೋ ಮೆಲ್ಲಗೆ ಒಳಗೆ ಬಂದು ನಿಂತದ್ದು, ಮತ್ತೆ ಕಿರ್ರೆಂದದ್ದು ಅವನ ಕಿವಿಗೆ ಬಿತ್ತು. ತಿರುಗಿ ನೋಡುವ ವ್ಯವಧಾನ ಅವನಿಗಿರಲಿಲ್ಲ.

"ಮೇಡಂ, ನಾನು ನೇರವಾಗಿ ಹೇಳ್ತೀನಿ," ಎಂದು ಶುರು ಮಾಡಿದ. "ಈ ಬಾಯಿಗಳನ್ನ ನೋಡಿ. ಇಡೀ ದಿನ ಸೌಟು ಹಿಡ್ಕೊಂಡು, ತೆರೆದ ಬಾಯಿ ಬಿಟ್ಟು ಬೇರೇನೂ ನೋಡದೇ ಇರೋರಿಗೆ ಮಾತ್ರ ಹೊಳೆಯೋ ಐಡಿಯಾ ಇದು. ಇನ್ನು ಈ ಕಲ್ಲು. ಸಂಗೀತದೊಳಗೆ ಸುಣ್ಣದ ಕಲ್ಲು ತುರುಕಬೇಕಾದ್ರೆ ತಲೆ ಒಳಗೂ ಅದೇ ತುಂಬಿರಬೇಕು."

ಹುಡುಗರು ನಕ್ಕರು. ನಗು ಸಿಕ್ಕಿದ ಮೇಲೆ ಗ್ರೇಡಿಯನ್ನು ಹಿಡಿಯುವವರುಂಟೇ?

"ಅಂಚಲ್ಲಿ ಓಡ್ತಿರೋ ಹೆಸರು ನೋಡಿ. ಎಲ್ಲರಿಗೂ ಹೆದರಿ ಎಲ್ಲರನ್ನೂ ಸೇರಿಸಿದಾರೆ. ಬೆನ್ನುಮೂಳೆ ಇಲ್ಲದೋರ ಕೆಲಸ. ಆದ್ರೆ ಅದೆಲ್ಲಾ ಕ್ಷಮಿಸಬಹುದು ಮೇಡಂ, ಈ ಪಾರ್ಕಿಂಗ್ ಫ್ರೀ ಕ್ಷಮಿಸೋಕಾಗಲ್ಲ. ಇದು ಕಲೆ ಅಲ್ಲ, ಇದು ಜಮಖಾನೆ ಮಾರೋರ ಬುದ್ಧಿ. ಸ್ವರ್ಗದ ಬಾಗಿಲಿಗೆ ಹೋದ್ರೂ ಗಾಡಿ ಎಲ್ಲಿ ನಿಲ್ಲಿಸ್ಲಿ ಅಂತ ಕೇಳೋ ಜನ!"

ಚಪ್ಪಾಳೆ ಬಿತ್ತು. ಮೇಡಂ ಕೂಡ ತಲೆದೂಗಿ, "ಇಷ್ಟು ಸ್ಪಷ್ಟವಾಗಿ ಈ ಕೋಣೆಯಲ್ಲಿ ಯಾರೂ ಮಾತಾಡಿಲ್ಲ ಗ್ರೇಡಿ," ಎಂದು ಕೈ ತಟ್ಟಿದರು. "ಆಯ್ತು. ನಿಮ್ಮ ನಿಮ್ಮ ಕೆಲಸದ ಕೆಳಗೆ ನಿಂತ್ಕೊಳ್ಳಿ."

ಗ್ರೇಡಿ ರಾಜಗಾಂಭೀರ್ಯದಿಂದ ನಡೆದು ಹಳದಿ ವೃತ್ತದ ಕೆಳಗೆ ನಿಂತು, ಎದೆ ಮುಂದೆ ಮಾಡಿ ತಿರುಗಿದ. ಪಕ್ಕದಲ್ಲಿ ಯಾರೋ ನಿಂತಿದ್ದರು. ಸೈಲಸ್! ಟೋಪಿ ಇನ್ನೂ ಓರೆಯಾಗಿತ್ತು, ಈಗ ಎರಡೂ ಕಣ್ಣು ಬಿಟ್ಟಿದ್ದ.

"ನೀನೇನೋ ಇಲ್ಲಿ?"

"ಇದು ನಂದು ಕಣೋ. ನಾನೇ ಹಚ್ಚಿದ್ದು."

"ನಿಂದಾ? ಮೇಡಂ, ಇದನ್ನ ಮಾಡಿದ್ದು ನಾನು!"

"ಮಾಡಿದ್ದು ಅವನೇ ಮೇಡಂ," ಎಂದ ಸೈಲಸ್ ನೆಮ್ಮದಿಯಾಗಿ. "ನನಗೆ ಮಾಡೋ ಕಷ್ಟ ಇಲ್ವಲ್ಲ, ಹುಡುಕಿ ತರೋದು ತಾನೇ? ಬೆಳಿಗ್ಗೆ ಹಸಿದಿದ್ದೆ, ಇದು ಮೊಟ್ಟೆ ಥರ ಕಾಣ್ತು. ತಿಂಡಿ ತಿಂದು ವಾಪಸ್ ಬಂದೆ. ಕಸದ ಡಬ್ಬದಿಂದ ಒಂಚೂರು ಹಳದಿ ಇಣುಕ್ತಾ ಇತ್ತು. ಹೊಟ್ಟೆ ತುಂಬಿದ್ದಕ್ಕೋ ಏನೋ, ಸೂರ್ಯನ ಥರ ಕಾಣ್ತು. ಹಸಿದಾಗ ಒಂದು, ತುಂಬಿದಾಗ ಒಂದು ಕಾಣೋ ಚಿತ್ರ ಸುಮ್ನೆ ಅಲ್ಲ ಅನ್ನಿಸ್ತು. ಹೇಳೋಣ ಅಂತ ಇವನನ್ನ ಎಲ್ಲಾ ಕಡೆ ಹುಡುಕಿದೆ. ಇವನು ಊರೆಲ್ಲಾ ಹೇಗಿದೆ ಹೇಗಿದೆ ಅಂತ ಕೇಳ್ಕೊಂಡು ತಿರುಗ್ತಾ ಇದ್ದ, ಸಿಗಲಿಲ್ಲ. ಇಸ್ತ್ರಿ ಹಾಕಿ ತಂದು ಹಚ್ಚಿದೆ."

ಮೇಡಂ ಕಣ್ಣೊರೆಸಿಕೊಂಡರು. "ಈ ಸಲ ಹುಡುಕಿ ತಂದವರಲ್ಲಿ ನಿನ್ನದೇ ಮೊದಲು ಸೈಲಸ್. ಗ್ರೇಡಿ, ನೀನು ಪಿನ್ನು ಚುಚ್ಚಿದ್ದು ಯಾವುದಕ್ಕೆ?"

ಗ್ರೇಡಿಯ ಬೆರಳು ತಾನಾಗಿ ಎದ್ದು ಮೂಲೆಯನ್ನು ತೋರಿಸಿತು. ಕೋಣೆಗೆ ಕೋಣೆಯೇ ಅತ್ತ ತಿರುಗಿತು. ಮೂಲೆಯ ಹಾಳೆಯ ಕೆಳಗೆ ಆಗಲೇ ಜನ ನಿಂತಿದ್ದರು. ಡಾರ್ಲೀನಕ್ಕ, ಪೆಟ್ರಿ ಮೇಷ್ಟ್ರು, ಸ್ಟ್ರಾಟನ್. ಅವರ ಪಕ್ಕದಲ್ಲಿ, ಕೈಯಲ್ಲಿ ಟೋಪಿ ಹಿಡಿದುಕೊಂಡು, ಹೇಳಿದ್ದಕ್ಕಿಂತ ಬೇಗ ಬಂದುಬಿಟ್ಟಿದ್ದ ಅಪ್ಪ ಡ್ವೇನ್. ಅಪ್ಪನನ್ನು ಬಿಟ್ಟು ಉಳಿದವರನ್ನೆಲ್ಲ ಬನ್ನಿ ಬನ್ನಿ ಅಂತ ತಾನೇ ಕರೆದದ್ದು ಗ್ರೇಡಿಗೆ ಆಗ ನೆನಪಾಯಿತು.

"ಬಾಯಿ ನಂದು," ಎಂದಳು ಡಾರ್ಲೀನಕ್ಕ. "ಸೌಟು ಹಿಡಿಯೋಳ ಐಡಿಯಾ. ನಾಚ್ಕೆ ಏನಿಲ್ಲ ನಂಗೆ."

"ಕಲ್ಲು ನನ್ನದು," ಎಂದರು ಪೆಟ್ರಿ. "ತಲೆ ಒಳಗಿಂದಲೇ ತೆಗೆದುಕೊಟ್ಟಿದ್ದು."

"ಹೆಸರೆಲ್ಲ ನಾನು ಹೇಳಿದ್ದು. ಯಾರಿಗೂ ಬೇಜಾರಾಗಬಾರದು ಅಂತ," ಎಂದು ಸ್ಟ್ರಾಟನ್ ಬೆನ್ನು ನೆಟ್ಟಗೆ ಮಾಡಿ ನಿಂತರು.

ಅಪ್ಪ ಒಂದು ಹೆಜ್ಜೆ ಮುಂದೆ ಬಂದ. "ಪಾರ್ಕಿಂಗ್ ಫ್ರೀ ನಂದು. ಜಮಖಾನೆ ಮಾರಿದ ದುಡ್ಡಲ್ಲೇ ಇವನು ಇಲ್ಲಿ ಓದ್ತಾ ಇರೋದು."

ಗ್ರೇಡಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಪ್ಪನ ಮುಖ ನೋಡಲಾಗಲಿಲ್ಲ. ಆದರೆ ಮೊದಲೇ ಹೇಳಿದೆನಲ್ಲ, ಧೈರ್ಯ ಅವನಿಗೆ ಕಡಿಮೆ ಬೀಳುವುದಿಲ್ಲ. ಆ ಗಳಿಗೆಯಲ್ಲೂ ಅವನ ತಲೆ ಓಡಿತು.

"ಮೇಡಂ, ಅವರ ಬಾಯಲ್ಲೇ ಬಂತಲ್ಲ!" ಎಂದು ಕೂಗಿದ. "ಒಂದೊಂದು ತುಂಡೂ ಒಬ್ಬೊಬ್ಬರದು. ಅದರಲ್ಲಿ ನಂದು ಅಂತ ಏನಿದೆ? ನೋಡಿ, ಅಲ್ಲಿ ನಿಲ್ಲೋಕೆ ನನಗೆ ಜಾಗ ಕೂಡ ಇಲ್ಲ. ನಾನು ಮಾಡಿದ್ದು ಈ ವೃತ್ತ ಒಂದೇ."

ಮೇಡಂ ಆ ಗುಂಪನ್ನು ನೋಡಿದರು, ವೃತ್ತವನ್ನು ನೋಡಿದರು. ಸೈಲಸ್ ಒಂಚೂರು ಪಕ್ಕಕ್ಕೆ ಸರಿದು, "ಇಬ್ಬರೂ ನಿಲ್ಲಬಹುದು ಮೇಡಂ, ಜಾಗ ಇದೆ," ಎಂದ.

"ಮಾತಲ್ಲಿ ನ್ಯಾಯ ಇದೆ," ಎಂದರು ಮೇಡಂ ನಿಧಾನವಾಗಿ. "ಆ ಹಾಳೆ ನಮ್ಮದು ಅಂತ ಅವರೆಲ್ಲ ಒಪ್ಕೊಳ್ಳೋದಾದ್ರೆ, ಮಾಡಿದವನು ನೀನು, ಹುಡುಕಿದವನು ಅವನು ಅಂತ ಬರ್ಕೋತೀನಿ. ಇಬ್ಬರೂ ಪಾಸು." ಏಪ್ರನ್ ಜೇಬಿನಿಂದ ಪೆನ್ನು ತೆಗೆದರು. "ಒಪ್ಕೋತೀರಾ?"

"ಧಾರಾಳವಾಗಿ!" ಎಂದಿತು ಗುಂಪು ಒಂದೇ ದನಿಯಲ್ಲಿ. ಗ್ರೇಡಿಗೆ ಹೋದ ಜೀವ ಬಂತು. ಪೆನ್ನು ಹಾಳೆಗೆ ತಾಗುವುದೊಂದು ಬಾಕಿ.

ಆಗ ಬಾಗಿಲು ದಡಾರನೆ ತೆರೆಯಿತು. ಕಾಲೇಜಿನ ಕಾವಲುಗಾರ ಲೈಲ್.

"ಹೊರಗೆ ಹಗ್ಗ, ತಾಡಪಾಲು ಹಾಕ್ಕೊಂಡು ನಿಂತಿರೋ ಗಾಡಿ ಯಾರದ್ರೀ? ದಂಡದ ಚೀಟಿ ಅಂಟಿಸಿ ಬಂದಿದೀನಿ."

"ನಂದು," ಎಂದ ಅಪ್ಪ. "ದಂಡ ಯಾಕೆ? ಇಲ್ಲಿ ಫ್ರೀ ಅಲ್ವಾ?"

"ಫ್ರೀನಾ? ಯಾರ್ರೀ ಹೇಳಿದ್ದು ನಿಮ್ಗೆ?"

ಅಪ್ಪ ಪಾಪ, ತಲೆಯ ಮೇಲಿನ ಗುಲಾಬಿ ಅಕ್ಷರಗಳ ಕಡೆ ಕೈ ತೋರಿಸಿದ. ಲೈಲ್ ಓದಿದ. ಓದುತ್ತಾ ಓದುತ್ತಾ ಅವನ ಕತ್ತು ಕೆಂಪಾಯಿತು.

"ಇದನ್ನ ಊರಲ್ಲೆಲ್ಲಾ ಅಂಟಿಸೋರಿದ್ರಾ? ಹಾಡಿನ ದಿನ ಇನ್ನೂರು ಗಾಡಿ ಬಂದು ನಿಂತ್ರೆ ನಾನು ಯಾರಿಗೆ ಅಂತ ಉತ್ತರ ಹೇಳ್ಲಿ? ಮೇಲಿನೋರಿಗೆ ಈಗಲೇ ಬರೀತೀನಿ. ಹೇಳಿ, ಯಾರದು ಈ ಪೋಸ್ಟರ್?"

"ಮೊಟ್ಟೆ ಬೇಕಾ ಅಂತ ಕೇಳೋಕೆ ಹೋಗಿದ್ದೆ, ಅಷ್ಟೇಪ್ಪಾ," ಎಂದು ಡಾರ್ಲೀನಕ್ಕ ಸರಿದಳು. "ಒಲೆ ಮೇಲೆ ಸಾರಿದೆ."

"ನಾನು ಕಲ್ಲಿನ ಬಗ್ಗೆ ಸಾಮಾನ್ಯವಾಗಿ ಒಂದು ಮಾತು ಹೇಳಿದೆ," ಎಂದರು ಪೆಟ್ರಿ ಮೇಷ್ಟ್ರು, ಕನ್ನಡಕ ಒರೆಸುತ್ತಾ ಬಾಗಿಲ ಕಡೆ ನಡೆದರು.

ಸ್ಟ್ರಾಟನ್ ಯಾರ ಮನಸ್ಸಿಗೂ ನೋವಾಗದ ಹಾಗೆ ಗೋಡೆಗುಂಟ ಸರಿದು ಮಾಯವಾದರು.

ಅಪ್ಪ ಉಳಿದ. ಗ್ರೇಡಿ ಅವನನ್ನೇ ಆಸೆಯಿಂದ ನೋಡಿದ. ಅಪ್ಪ ಟೋಪಿಯನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗಿಸಿದ.

"ನಾನು ಜಮಖಾನೆ ಮಾರೋನು," ಎಂದ ಕಡೆಗೆ. "ನಂಗೇನು ಗೊತ್ತಾಗತ್ತೆ? ಓದ್ತಿರೋನು ನೀನು, ವಿಚಾರಿಸಿ ಹಾಕ್ಬೇಕಿತ್ತು." ಟೋಪಿ ಹಾಕಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ.

ಮೂಲೆಯ ಹಾಳೆಯ ಕೆಳಗೆ ಈಗ ನರಪಿಳ್ಳೆ ಇರಲಿಲ್ಲ. ಲಿಂಡ್‌ಕ್ವಿಸ್ಟ್ ಮೇಡಂ ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡರು.

"ಜಾಗ ಆಯ್ತಲ್ಲ ಗ್ರೇಡಿ," ಎಂದರು. "ಹೋಗಿ ನಿಂತ್ಕೋ."

ಗ್ರೇಡಿ ಹೋಗಿ ನಿಂತ. ಮೇಲೆ ನೇರಳೆ ಬಾಯಿಗಳೆಲ್ಲ ಹಲ್ಲು ಕಿರಿದು ಕೂಗುತ್ತಿದ್ದವು. ತಲೆಯ ನೇರಕ್ಕೆ ಪಾರ್ಕಿಂಗ್ ಫ್ರೀ. ಲೈಲ್ ಅವನ ಹೆಸರು ಕೇಳಿ ಬರೆದುಕೊಂಡ. ಕಿಟಕಿಯ ಆಚೆ ಅಪ್ಪ ಗಾಡಿಯಿಂದ ಹಗ್ಗ ಇಳಿಸಿ ಸಿಕ್ಕು ಬಿಡಿಸುತ್ತಿರುವುದು ಕಾಣುತ್ತಿತ್ತು.

ಎದುರು ಗೋಡೆಯಲ್ಲಿ, ಸೂರ್ಯನ ಕೆಳಗೆ ನಿಂತಿದ್ದ ಸೈಲಸ್ ತಲೆ ಓರೆ ಮಾಡಿಕೊಂಡು ಗೆಳೆಯನನ್ನೇ ನೋಡುತ್ತಿದ್ದ. ಅಷ್ಟೆಲ್ಲ ಆದ ಮೇಲೂ ಗ್ರೇಡಿಗೆ ತಡೆದುಕೊಳ್ಳಲಾಗಲಿಲ್ಲ.

"ಹೇಗಿದೆಯೋ?" ಎಂದ.

ಸೈಲಸ್ ಒಂದು ಕಣ್ಣು ಮುಚ್ಚಿ ನೋಡಿದ.

"ಪರವಾಗಿಲ್ಲ ಕಣೋ," ಎಂದ. "ಮೊಟ್ಟೆ ಥರ ಅಂತೂ ಇಲ್ಲ."